ನಾಯಿ, ಬೆಕ್ಕಿನ ಫುಡ್ ರೀಕಾಲ್: ಎಸೆಯುವ ಮೊದಲು ಚೀಲದ ಹಿಂಬದಿ ನೋಡಿ

ಅಕ್ಕಾ, ಗುಂಪಿನಲ್ಲಿ ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಡೇರಿಗೆ ಹಾಲು ಹಾಕಿ ಬಂದು ಈಗ ಕೂತು ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ನಿಮ್ಮ ತಮ್ಮ ಫೋನ್ ಮಾಡಿದ್ದಾನೆ. ಅವನ ನಾಯಿಯ ಫುಡ್ಡನ್ನು ಕಂಪನಿಯವರು ವಾಪಸ್ ತರಿಸಿಕೊಳ್ಳುತ್ತಿದ್ದಾರಂತೆ, ಅದಕ್ಕೇ ರೀಕಾಲ್ ಅನ್ನುವುದು. ನೀವೂ ಅದೇ ಕಂಪನಿಯದ್ದು ಹಾಕುತ್ತೀರಿ. ಮನೆಯಲ್ಲಿ ಎರಡು ನಾಯಿ, ಒಂದು ಬೆಕ್ಕು, ಅರ್ಧ ಮುಗಿದ ಹತ್ತು ಕೆಜಿ ಚೀಲ. ಎಸೆಯಬೇಕಾ ಅಂತ ಕೇಳಿದ್ದೀರಿ. ಕೆಲವರು ಆ ಕಂಪನಿಯದ್ದೆಲ್ಲ ವಿಷ ಅಂದಿದ್ದಾರೆ. ಇನ್ನು ಕೆಲವರು ಅದು ಅಲ್ಲಿಯ ಮಾತು, ಸುಮ್ನೆ ಹಾಕಿ ಅಂದಿದ್ದಾರೆ. ನನಗೆ ಎರಡೂ ಸರಿ ಕಾಣಲಿಲ್ಲ.

ಇವತ್ತು ಸಂಜೆಯಿಂದ ಆ ಚೀಲದ ಫುಡ್ ಹಾಕಬೇಡಿ. ಆದರೆ ಎಸೆಯಲೂ ಬೇಡಿ. ಬಾಯಿ ಕಟ್ಟಿ, ಮಕ್ಕಳಿಗೆ, ಕೋಳಿಗೆ ಸಿಗದ ಕಡೆ ಎತ್ತಿಡಿ. ಆಮೇಲೆ ಚೀಲವನ್ನು ತಿರುಗಿಸಿ ಬ್ಯಾಚ್ ನಂಬರ್ ಹುಡುಕಿ, ಒಂದೇ ಸಲ ತಯಾರಾದ ಮಾಲಿಗೆ ಕೊಡುವ ಗುರುತು ಅದು. ಹೊಲಿಗೆಯ ಹತ್ತಿರವೋ ಹಿಂಬದಿಯಲ್ಲೋ ಮಸಿಯಲ್ಲಿ ಒತ್ತಿರುತ್ತಾರೆ. ಜೊತೆಗೆ ತಯಾರಾದ ದಿನ, ಅವಧಿ ಮುಗಿಯುವ ದಿನ, ಕಾರ್ಖಾನೆಯ ವಿಳಾಸ ಇರುತ್ತದೆ. ಅಷ್ಟರದ್ದೂ ಫೋಟೋ ತೆಗೆದು ತಮ್ಮನಿಗೆ ಕಳಿಸಿ. ಅವನಿಗೆ ಬಂದ ನೋಟೀಸಿನಲ್ಲಿರುವ ನಂಬರಿನ ಜೊತೆ ತಾಳೆ ನೋಡಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ರೀಕಾಲ್ ಆಗುವುದು ಸಾಮಾನ್ಯವಾಗಿ ಕೆಲವು ಬ್ಯಾಚ್ ಮಾತ್ರ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೆಡಿಗ್ರಿ ಚೀಲಗಳನ್ನು ವಾಪಸ್ ತರಿಸಿಕೊಂಡರು. ಒಳಗೆ ಲೋಹದ ಚೂರು ಸೇರಿರಬಹುದು ಅನ್ನುವ ಅನುಮಾನ. ಒಟ್ಟು 315 ಚೀಲ. ನಾಲ್ಕು ರಾಜ್ಯಗಳ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಮಾತ್ರ ಮಾರಿದ್ದು. ನಮ್ಮ ಕಡೆ ಯಾವ ಕಂಪನಿಯ ಒಣ ಫುಡ್ಡಿಗೂ ಪೆಡಿಗ್ರಿ ಅಂತಲೇ ಹೇಳುತ್ತೇವೆ ಅಲ್ವಾ? ಅಂಥ ಸುದ್ದಿ ವಾಟ್ಸಾಪಿನಲ್ಲಿ ಇಲ್ಲಿಗೆ ಬರುವ ಹೊತ್ತಿಗೆ ಎಲ್ಲರ ಮನೆ ಚೀಲದ ಮೇಲೂ ಅನುಮಾನ ಬಂದುಬಿಡುತ್ತದೆ. ಒಂದೇ ಹೆಸರಿನ ಫುಡ್ ಇಲ್ಲಿ ಬೇರೆ ಕಾರ್ಖಾನೆಯಲ್ಲಿ, ಬೇರೆ ಕಚ್ಚಾ ಮಾಲಿನಲ್ಲಿ ತಯಾರಾಗಿರಬಹುದು. ನಿಮ್ಮ ಚೀಲ ಅಮೆರಿಕದಿಂದಲೇ ಬಂದಿದ್ದರೆ ಮಾತು ಬೇರೆ. ಅದಕ್ಕೇ ವಿಳಾಸ ನೋಡಲು ಹೇಳಿದ್ದು.

ಹಾಗಂತ ರೀಕಾಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2020ರ ಡಿಸೆಂಬರ್ ಕೊನೆಗೆ ಮಿಡ್‌ವೆಸ್ಟರ್ನ್ ಪೆಟ್ ಫುಡ್ಸ್ ಅನ್ನುವ ಕಂಪನಿ ಸ್ಪೋರ್ಟ್‌ಮಿಕ್ಸ್ ನಾಯಿ ಫುಡ್ಡಿನ ಕೆಲವೇ ಬ್ಯಾಚ್ ವಾಪಸ್ ಕರೆಯಿತು. ಹತ್ತು ಹನ್ನೆರಡು ದಿನದಲ್ಲಿ ಅದು ಸಾವಿರಕ್ಕೂ ಮೀರಿದ ಬ್ಯಾಚ್‌ಗಳಿಗೆ ಹಬ್ಬಿತು. ಜನವರಿ ಮೂರನೇ ವಾರದ ಹೊತ್ತಿಗೆ 110ಕ್ಕೂ ಹೆಚ್ಚು ನಾಯಿಗಳು ಸತ್ತಿದ್ದವು, 210ಕ್ಕೂ ಹೆಚ್ಚು ಕಾಯಿಲೆ ಬಿದ್ದಿದ್ದವು. ಚೀಲದ ಮೇಲೆ ಹಲವು ಹೆಸರು. ಆದರೆ ಬ್ಯಾಚ್ ನಂಬರಿನೊಳಗೆ 05 ಅಂತ ಇದ್ದರೆ ಅದು ಒಕ್ಲಹೋಮಾ ಕಾರ್ಖಾನೆಯ ಮಾಲು ಅಂತ ಗುರುತು. ಆ ಎರಡು ಅಂಕಿ ನೋಡಿಯೇ ಜನ ತಮ್ಮ ಚೀಲ ಆ ಕಾರ್ಖಾನೆಯದ್ದೋ ಅಲ್ಲವೋ ಅಂತ ತಿಳಿದುಕೊಂಡರು.

ಅಲ್ಲಿ ಇದ್ದ ವಿಷ ನಮಗೇನೂ ಹೊಸದಲ್ಲ. ಅಫ್ಲಾಟಾಕ್ಸಿನ್. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ, ಶೇಂಗಾದಲ್ಲಿ ಹುಟ್ಟುವಂಥದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಮೊದಲು ಗೊತ್ತಾದದ್ದು. ಕಾರಣ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ. ಬೂಷ್ಟು ಬಂದ ಹಿಂಡಿಯನ್ನು ದನಕ್ಕೆ ಹಾಕಬಾರದು, ವಿಷ ಹಾಲಿಗೂ ಇಳಿಯುತ್ತದೆ ಅಂತ ಈ ಗುಂಪಿನಲ್ಲಿ ಎಷ್ಟು ಸಲ ಮಾತಾಡಿದ್ದೇವೆ. ನಾಯಿ ಫುಡ್ಡಿನಲ್ಲೂ ಅದೇ ಮೆಕ್ಕೆಜೋಳ ಇರುತ್ತದೆ. ಅಮೆರಿಕದಲ್ಲಿ ಹಾಕಿರುವ ಮಿತಿ ಒಂದು ಟನ್ ಫುಡ್ಡಿಗೆ 20 ಮಿಲಿಗ್ರಾಂ. ಅಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಬಿಸಿಲಿಗೆ ಒಣಗಿಸಿದರೂ, ಹುರಿದರೂ, ಬೇಯಿಸಿದರೂ ವಿಷ ಹೋಯಿತು ಅಂತ ನಂಬುವ ಹಾಗಿಲ್ಲ.

ಮೋಸ ಮಾಡಿ ಬೆರೆಸಿದ್ದೂ ಉಂಟು. 2007ರ ಮಾರ್ಚ್‌ನಲ್ಲಿ ಕೆನಡಾದ ಮೆನು ಫುಡ್ಸ್ ಕಂಪನಿ 6 ಕೋಟಿಗೂ ಹೆಚ್ಚು ಡಬ್ಬಿ, ಪೌಚುಗಳನ್ನು ವಾಪಸ್ ತರಿಸಿಕೊಂಡಿತು. ಚೀನಾದಿಂದ ತರಿಸಿದ, ಗೋಧಿಯ ಪ್ರೋಟೀನಾದ ಗ್ಲುಟೆನ್‌ನಲ್ಲಿ ಮೆಲಮೈನ್ ಬೆರೆಸಿದ್ದರು. ಪ್ಲಾಸ್ಟಿಕ್ ತಟ್ಟೆ ಮಾಡುವ ವಸ್ತು ಅದು. ಇದರ ಲೆಕ್ಕ ನಮಗೆ ಬೇಗ ಅರ್ಥವಾಗುತ್ತದೆ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಮೆಲಮೈನ್‌ನಲ್ಲಿ 66. ಆಗಿನ ಪರೀಕ್ಷೆಯಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಿದ್ದರು. ಮೆಲಮೈನ್ ಹಾಕಿದರೆ ಕಾಗದದ ಮೇಲೆ ಪ್ರೋಟೀನ್ ಜಾಸ್ತಿ ಕಾಣುತ್ತದೆ. ಅದು, ಜೊತೆಗಿದ್ದ ಸಯನ್ಯೂರಿಕ್ ಆಮ್ಲ ಅನ್ನುವ ಇನ್ನೊಂದು ರಾಸಾಯನಿಕ ಸೇರಿ ಕಿಡ್ನಿಯೊಳಗೆ ಹರಳು ಕಟ್ಟಿ ಎಷ್ಟೋ ಬೆಕ್ಕು, ನಾಯಿಗಳನ್ನು ಕೊಂದವು. ಮರುವರ್ಷ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಯಲ್ಲೂ ಇದೇ ಮೋಸ. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 2007ರಲ್ಲಿ ಮೆನು ಫುಡ್ಸ್ ವಾಪಸ್ ತರಿಸಿದ ಬ್ರ್ಯಾಂಡುಗಳು ನೂರರ ಹತ್ತಿರ, ಅಗ್ಗದ್ದೂ ಇತ್ತು, ದುಬಾರಿಯದ್ದೂ ಇತ್ತು, ತಯಾರಿಸಿದವರು ಒಬ್ಬರೇ. ಹಾಗಾಗಿ ನಾನು ದುಬಾರಿಯದ್ದೇ ತರುತ್ತೇನೆ, ಭಯವಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ಈಗ ನಮ್ಮ ಮನೆಯದ್ದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ, ಆಷಾಢದಲ್ಲಿ. ಪೇಟೆಯ ಒಂದು ಅಂಗಡಿಯಲ್ಲಿ ಲೂಸ್ ಫುಡ್ ಐದು ಕೆಜಿ ತಂದೆ. ಚೀಲ ಬಾಯಿ ತೆರೆದೇ ಇತ್ತು, ಹೊರಗೆ ಮಳೆ ಹಿಡಿದಿತ್ತು. ಮನೆಗೆ ತಂದು ಹಳೆಯ ಡಬ್ಬದಲ್ಲಿ, ತಳದಲ್ಲಿ ಉಳಿದಿದ್ದರ ಮೇಲೇ ಸುರಿದೆ. ಹದಿನೈದು ದಿನದಲ್ಲಿ ನಮ್ಮ ನಾಯಿ ಕರಿಯ ಊಟ ಬಿಟ್ಟ. ವಾಂತಿ ಶುರುವಾಯಿತು. ಒಸಡು, ಕಣ್ಣಿನ ಬಿಳಿ ಎಲ್ಲ ಹಳದಿ. ಡಾಕ್ಟರು ಮೊದಲು ಕೇಳಿದ್ದು ಏನು ತಿಂದಿದ್ದಾನೆ, ಪ್ಯಾಕೆಟ್ ಎಲ್ಲಿ ಅಂತ. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆರನೇ ದಿನ ಕರಿಯ ಹೋದ. ಫುಡ್ಡೇ ಕಾರಣ ಅಂತ ನಾನು ಇವತ್ತಿಗೂ ಹೇಳಲಾರೆ. ಹಾಗೆ ಹೇಳಲು ಒಂದು ಹಿಡಿ ಕಾಳೂ, ಒಂದು ನಂಬರೂ ಉಳಿದಿರಲಿಲ್ಲ.

ಅವತ್ತಿನಿಂದ ಲೂಸ್ ತರುವುದಿಲ್ಲ. ಮಳೆಗಾಲದಲ್ಲಿ ದೊಡ್ಡ ಚೀಲವನ್ನೂ ತರುವುದಿಲ್ಲ. ತಿಂಗಳೊಳಗೆ ಮುಗಿಯುವಷ್ಟು ಮಾತ್ರ. ಡಬ್ಬಕ್ಕೆ ಸುರಿಯದೆ ಚೀಲವನ್ನೇ ಡಬ್ಬದೊಳಗೆ ಇಡುತ್ತೇನೆ, ಬಾಯಿ ಮಡಚಿ ಕ್ಲಿಪ್ ಹಾಕಿ. ಚೀಲ ತಂದ ದಿನವೇ ಹಿಂಬದಿ ಮತ್ತು ಬಿಲ್ಲಿನ ಫೋಟೋ. ಮುಗಿದ ಮೇಲೂ ಚೀಲ ಎರಡು ತಿಂಗಳು ಅಟ್ಟದಲ್ಲಿ ಇರುತ್ತದೆ. ಅಮೆರಿಕದ ಎಚ್ಚರಿಕೆ ನಮಗೆ ಬರುವುದೇ ಹೀಗೆ ಯಾರೋ ತಮ್ಮನೋ ಮಗಳೋ ಫೋನ್ ಮಾಡಿದರೆ. ಅಷ್ಟು ಹೊತ್ತಿಗೆ ಚೀಲ ಖಾಲಿಯಾಗಿರುತ್ತದೆ.

ನಿಮ್ಮ ಮೂರರನ್ನೂ ಈಗ ಬೆಳಕಿಗೆ ಕರೆದು ನೋಡಿ. ತುಟಿ ಎತ್ತಿ ಒಸಡು ನೋಡಿ, ಕಣ್ಣಿನ ಬಿಳಿ ನೋಡಿ. ಹಳದಿ ಇದ್ದರೆ ಲಿವರಿನ ತೊಂದರೆ ಇರಬಹುದು. ನೀರು ಜಾಸ್ತಿ ಕುಡಿದು ಪದೇ ಪದೇ ಉಚ್ಚೆ ಹೊಯ್ಯುತ್ತಿದ್ದರೆ, ಅಥವಾ ಉಚ್ಚೆಯೇ ನಿಂತಿದ್ದರೆ ಕಿಡ್ನಿ. 2019ರಲ್ಲಿ ಹಿಲ್ಸ್ ಕಂಪನಿಯ ನಾಯಿ ಡಬ್ಬಿಗಳಲ್ಲಿ ವಿಟಮಿನ್ ಡಿ ಮಿತಿ ಮೀರಿದ್ದಾಗಲೂ ನೀರಡಿಕೆ, ವಾಂತಿ, ಜೊಲ್ಲು ಇವೇ ಲಕ್ಷಣ. ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಬಿಡಬೇಡಿ. ನಿಮ್ಮ ತೀರ್ಥಹಳ್ಳಿಯಲ್ಲಿ ರಕ್ತ ಪರೀಕ್ಷೆ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ. ಚೀಲ ಜೊತೆಗಿರಲಿ. ಬೆಕ್ಕಿನ ವಿಷಯದಲ್ಲಿ ಇನ್ನೂ ಅವಸರ ಮಾಡಿ. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಅದರಿಂದಲೇ ಲಿವರ್ ಕೆಡಬಹುದು. ಮಂಕಾಗಿದೆ ಅಂತ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ಈ ನಾಲ್ಕೈದು ದಿನ ನಾಯಿಗಳಿಗೆ ಬೇಯಿಸಿದ ಕೋಳಿ, ಅನ್ನ ಹಾಕಿ. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಖಂಡಿತ ಬೇಡ, ರಕ್ತ ಕೆಡಿಸುತ್ತದೆ. ಬೆಕ್ಕಿಗೆ ಅನ್ನ ಕಡಿಮೆ, ಕೋಳಿ ಜಾಸ್ತಿ. ನಾಯಿ ಫುಡ್ಡನ್ನೇ ಬೆಕ್ಕಿಗೂ ಹಾಕುವ ಅಭ್ಯಾಸ ಇದ್ದರೆ ಬಿಡಿ. ಬೆಕ್ಕಿಗೆ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ಅದರಲ್ಲಿ ಸಾಲದು, ತಿಂಗಳುಗಟ್ಟಲೆ ಹಾಕಿದರೆ ಕಣ್ಣು, ಹೃದಯ ಎರಡೂ ಹಾಳಾಗಬಹುದು. ಹಸಿ ಕೋಳಿ ಹಾಕಿ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ, ದಯವಿಟ್ಟು ಬೇಡ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕಿದ ಬೆಕ್ಕುಗಳಲ್ಲೇ ಹಕ್ಕಿ ಜ್ವರ ಸಿಕ್ಕಿದೆ. ಚೆನ್ನಾಗಿ ಬೇಯಿಸಿಯೇ ಹಾಕಿ.

ಒಣ ಫುಡ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ನಾಯಿ ತಟ್ಟೆಯನ್ನು ಅಡುಗೆಮನೆ ಪಾತ್ರೆ ಜೊತೆ ಹಾಕಬೇಡಿ. 2012ರಲ್ಲಿ ಅಮೆರಿಕ, ಕೆನಡಾದಲ್ಲಿ ಒಣ ನಾಯಿ ಫುಡ್ಡಿನಿಂದ ಸಾಲ್ಮೊನೆಲ್ಲಾ ಅನ್ನುವ ರೋಗಾಣು ತಗುಲಿ 49 ಜನ ಮನುಷ್ಯರೇ ಕಾಯಿಲೆ ಬಿದ್ದಿದ್ದರು.

ನಂಬರ್ ತಾಳೆಯಾದರೆ ಚೀಲದ ಮೇಲಿರುವ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ದೂರಿನ ನಂಬರ್ ಕೇಳಿ ಪಡೆಯಿರಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಪಾಯದ ಮಾಲನ್ನು ವಾಪಸ್ ತರಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅಧಿಕಾರ ಇದೆ. ಕಂಪನಿಯವರು ಚೀಲ ಕೇಳಿದರೆ ಪೂರ್ತಿ ಕೊಡಬೇಡಿ, ಅರ್ಧ ಕೆಜಿ ಬಿಗಿಯಾದ ಕವರಿನಲ್ಲಿ ನಿಮ್ಮ ಹತ್ತಿರ ಇರಲಿ. ತಾಳೆಯಾಗದಿದ್ದರೆ, ಮೂರೂ ಚೆನ್ನಾಗಿದ್ದರೆ, ಕಾಳು ಒಣಗಿದ್ದು ಮುಗ್ಗಲು ವಾಸನೆ ಇಲ್ಲದಿದ್ದರೆ, ಅದೇ ಚೀಲ ಮತ್ತೆ ಶುರು ಮಾಡಬಹುದು.

ಹಿಂಬದಿಯ ಫೋಟೋ ಇಲ್ಲಿಗೂ ಹಾಕಿ ಅಕ್ಕಾ. ಸಂಜೆ ಹಾಲು ಕರೆದು ಬಂದ ಮೇಲೆ ನಾನೂ ನೋಡುತ್ತೇನೆ. ಬೆಕ್ಕು ಇವತ್ತು ಏನಾದರೂ ತಿಂದಿತಾ, ಅದನ್ನು ಮಾತ್ರ ಈಗಲೇ ತಿಳಿಸಿ.