ಓದುಗರ ಪ್ರಶ್ನೆಗೆ ಉತ್ತರ: ಹೆಪಾ ಫಿಲ್ಟರ್, ಯುವಿ ದೀಪ ಮತ್ತು ನಮ್ಮ ಕರಾವಳಿಯ ತೇವ

ಪ್ರಶ್ನೆ: ಮಗಳಿಗೆ ದಮ್ಮು. ಅವಳು ಮಲಗುವ 12×12 ಅಡಿಯ ಕೋಣೆಗೆ ಏರ್ ಪ್ಯೂರಿಫೈಯರ್ ಇಡಬೇಕೆಂದಿದ್ದೇವೆ. ಅಂಗಡಿಯವರು ‘ಹೆಪಾ ಉಂಟು, ಯುವಿ ಉಂಟು, 500 ಚದರ ಅಡಿಗೆ ಸಾಕು’ ಎನ್ನುತ್ತಾರೆ. ಏನು ನೋಡಿ ತೆಗೆದುಕೊಳ್ಳಬೇಕು?
– ಗೃಹಿಣಿ, ಬಿಜೈ, ಮಂಗಳೂರು

ಉತ್ತರ: ಚದರ ಅಡಿಯ ಮಾತು ಬಿಡಿ, ಪೆಟ್ಟಿಗೆಯ ಮೇಲೆ ಸಿಎಡಿಆರ್ ಎಷ್ಟೆಂದು ನೋಡಿ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ ಅದು. ನಿಮ್ಮ ಕೋಣೆ 10 ಅಡಿ ಎತ್ತರ ಇದೆಯೆಂದರೆ ಒಟ್ಟು 1,440 ಘನ ಅಡಿ, ಅಂದರೆ ಸುಮಾರು 41 ಘನ ಮೀಟರ್. ದಮ್ಮಿನವರು ಮಲಗುವ ಕೋಣೆಯ ಗಾಳಿ ಗಂಟೆಗೆ ಐದು ಸಲವಾದರೂ ಫಿಲ್ಟರ್ ಹಾದು ಬರಲಿ ಎಂದುಕೊಳ್ಳೋಣ. 41ನ್ನು 5ರಿಂದ ಗುಣಿಸಿದರೆ 205. ಆದರೆ ಸಿಎಡಿಆರ್ ಅಳೆಯುವುದು ಫ್ಯಾನ್ ಅತಿ ಜೋರಾಗಿ ತಿರುಗುವಾಗ. ಆ ಸದ್ದಿನಲ್ಲಿ ಯಾರೂ ನಿದ್ದೆ ಮಾಡಲಾರರು. ‘ಸ್ಲೀಪ್’ ಮೋಡ್‌ಗೆ ಹಾಕಿದ ಕೂಡಲೇ ಹರಿವು ಅರ್ಧಕ್ಕೂ ಕೆಳಗೆ ಇಳಿಯುವುದು ಮಾಮೂಲು. ಹಾಗಾಗಿ 350–400 ಸಿಎಡಿಆರ್‌ನದ್ದನ್ನು ತಂದು ಮಧ್ಯಮ ವೇಗದಲ್ಲಿ ಓಡಿಸಿ.

ಹೆಪಾ ಎಂದರೆ ಗಾಳಿಯಲ್ಲಿರುವ ಅತಿ ಸಣ್ಣ ಕಣಗಳನ್ನೂ ಹಿಡಿಯುವ ನಾರಿನ ಫಿಲ್ಟರ್. ಫಿಲ್ಟರ್ ಮೇಲೆ ‘ಹೆಪಾ-ಟೈಪ್’, ‘ಹೆಪಾ-ಲೈಕ್’ ಎಂದಿದ್ದರೆ ಅದಕ್ಕೆ ಯಾವ ಖಾತ್ರಿಯೂ ಇಲ್ಲ. ಎಚ್13 ಎಂದಿದ್ದರೆ, ಅತ್ಯಂತ ಸುಲಭವಾಗಿ ತಪ್ಪಿಸಿಕೊಳ್ಳುವ ಗಾತ್ರದ ಕಣಗಳಲ್ಲೂ ಶೇ. 99.95ನ್ನು ಹಿಡಿಯಬೇಕೆಂಬುದು ಯುರೋಪಿನ ಮಾನದಂಡ. ಅಮೆರಿಕದ ಅಳತೆಯಲ್ಲಿ ಹೆಪಾ ಎಂದರೆ 0.3 ಮೈಕ್ರಾನ್ ಕಣದಲ್ಲಿ ಶೇ. 99.97. ಈ 0.3 ಎಂಬ ಅಂಕೆ ನೋಡಿ ‘ವೈರಸ್ ಅದಕ್ಕಿಂತ ಸಣ್ಣದು, ನುಸುಳಿ ಹೋಗುವುದಿಲ್ಲವೇ’ ಎಂದು ಹಲವರು ಕೇಳುತ್ತಾರೆ. ಹೆಪಾ ಜರಡಿಯಲ್ಲ. ದೊಡ್ಡ ಕಣಗಳು ಗಾಳಿಯ ಜೊತೆ ತಿರುಗಲಾಗದೆ ನಾರಿಗೆ ಬಡಿದು ಅಂಟುತ್ತವೆ. ತೀರಾ ಸಣ್ಣವು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಂಕುಡೊಂಕಾಗಿ ಓಡಾಡುತ್ತ ನಾರಿಗೆ ತಾಗುತ್ತವೆ. ಎರಡಕ್ಕೂ ಸರಿಯಾಗಿ ಸಿಗದ ನಡುವಿನ ಗಾತ್ರವೇ 0.3ರ ಆಸುಪಾಸು, ಪರೀಕ್ಷೆ ಅಲ್ಲಿ ಮಾಡುವುದು ಅದಕ್ಕೇ. ಅದಕ್ಕಿಂತ ಸಣ್ಣವು ಇನ್ನೂ ಚೆನ್ನಾಗಿ ಸಿಗುತ್ತವೆ.

ಇನ್ನು ಯುವಿ, ಅಂದರೆ ಅತಿನೇರಳೆ ಕಿರಣ. ಇಂಥ ಯಂತ್ರದೊಳಗೆ 9 ವ್ಯಾಟಿನ ದೀಪ ಇದೆಯೆಂದಿಟ್ಟುಕೊಳ್ಳಿ. ಅದರಿಂದ ರೋಗಾಣು ಕೊಲ್ಲುವ ಯುವಿ-ಸಿ ಆಗಿ ಹೊರಡುವುದು ಎರಡೂವರೆ ವ್ಯಾಟ್ ಇರಬಹುದು, 10 ಸೆಂ.ಮೀ. ದೂರದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 2 ಮಿಲಿವ್ಯಾಟ್. ಸೆಕೆಂಡಿಗೆ 2 ಮೀಟರ್ ವೇಗದ ಗಾಳಿ 20 ಸೆಂ.ಮೀ. ಉದ್ದದ ಗೂಡನ್ನು ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಗುಣಿಸಿದರೆ ಸಿಗುವ ಡೋಸ್ ಚದರ ಸೆಂಟಿಮೀಟರಿಗೆ 0.2 ಮಿಲಿಜೂಲ್. ಕಪ್ಪು ಬೂಷ್ಟಿನ (ಆಸ್ಪರ್ಜಿಲಸ್ ನೈಗರ್) ಬೀಜಕಣಗಳಲ್ಲಿ ಶೇ. 90ನ್ನು ಕೊಲ್ಲಲು ನೂರು ಮಿಲಿಜೂಲ್ ದಾಟಬೇಕು. ಆ ಗೂಡಿನೊಳಗಿನ ನೀಲಿ ಬೆಳಕಿಗೆ ಹೆಚ್ಚು ದುಡ್ಡು ಕೊಡಬೇಡಿ. ‘ಅಯಾನೈಸರ್’ ಎಂಬ ಬಟನ್ ಇದ್ದರೆ ಬಂದ್ ಮಾಡಿಡಿ; ಕೆಲವು ಓಝೋನ್ ಬಿಡುತ್ತವೆ, ದಮ್ಮಿನವರಿಗೆ ಅದು ಆಗಿಬರುವುದಿಲ್ಲ.

ಒಂದು ಮಾತು. ಧೂಳಿನ ನುಸಿ, ಅಂದರೆ ಮೈಟ್, ದಮ್ಮಿಗೆ ಕಾರಣವಾಗಿದ್ದರೆ ಪ್ಯೂರಿಫೈಯರ್ ಒಂದರಿಂದಲೇ ಗುಣ ಕಾಣುವುದು ಕಷ್ಟ. ಅದರ ಹಿಕ್ಕೆಯ ಕಣಗಳು ಭಾರದವು, ಹಾಸಿಗೆ ಕೊಡವಿದಾಗ ಎದ್ದು ಬೇಗನೆ ಕೆಳಗೆ ಕೂರುತ್ತವೆ, ಯಂತ್ರದವರೆಗೆ ಬರುವುದೇ ಇಲ್ಲ. ಹಾಸಿಗೆ, ತಲೆದಿಂಬಿಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿ. ಬೆಡ್‌ಶೀಟನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಡಾಕ್ಟರು ಕೊಟ್ಟ ಇನ್‌ಹೇಲರ್ ನಿಲ್ಲಿಸುವ ಯೋಚನೆ ಬೇಡ.

ಪ್ರಶ್ನೆ: ಪ್ಯೂರಿಫೈಯರ್ ಬೇಸಗೆಯಲ್ಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಆನ್ ಮಾಡಿದರೆ ಹಳೆ ಗೋಣಿಯ ವಾಸನೆ, ಫಿಲ್ಟರಿನಲ್ಲಿ ಕಪ್ಪು ಚುಕ್ಕೆ. ಕೆಂಪು ದೀಪವೂ ಆರುವುದಿಲ್ಲ.
– ಮಲ್ಪೆಯಿಂದ ಓದುಗರೊಬ್ಬರು

ಉತ್ತರ: ಮೊದಲು ಕೆಂಪು ದೀಪ. ಗಾಳಿಯಲ್ಲಿ ಧೂಳು ಹೆಚ್ಚಿದೆ ಎಂದು ಹೇಳುವ ದೀಪ ಅದು. ಯಂತ್ರದೊಳಗಿನ ಸೆನ್ಸರ್ ಕಣಗಳಿಗೆ ತಾಗಿ ಚದುರುವ ಬೆಳಕನ್ನು ಅಳೆಯುತ್ತದೆ. ಆರ್ದ್ರತೆ ಶೇ. 85ರ ಹತ್ತಿರ ಬಂದರೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಸೆನ್ಸರ್ ಅದನ್ನು ಧೂಳೆಂದೇ ಎಣಿಸುತ್ತದೆ. ಜುಲೈಯಲ್ಲಿ ಕಡಲ ಬದಿಯ ಮನೆಯಲ್ಲಿ ಆ ದೀಪವನ್ನು ನಂಬಿ ಫಿಲ್ಟರ್ ಬದಲಿಸಬೇಡಿ.

ಚುಕ್ಕೆ ಮಾತ್ರ ನಿಜವಾದ ತೊಂದರೆ. ಫಿಲ್ಟರಿನಲ್ಲಿ ಧೂಳು ಇದೆ, ಅದರ ಜೊತೆ ಸಿಕ್ಕಿಬಿದ್ದ ಬೂಷ್ಟಿನ ಬೀಜವೂ ಇದೆ; ಆರ್ದ್ರತೆ ದಿನಗಟ್ಟಲೆ 80ರ ಮೇಲೆ ನಿಂತರೆ ಬೆಳೆಯಲು ಮತ್ತೇನೂ ಬೇಕಿಲ್ಲ. ಯಂತ್ರ ಓಡುವಾಗ ಅಲ್ಲ, ನಿಲ್ಲಿಸಿ ಇಟ್ಟಾಗ ಅದು ಹಬ್ಬುತ್ತದೆ. ಕರೆಂಟು ಉಳಿಸಲು ರಾತ್ರಿ ಎರಡು ಗಂಟೆ ಮಾತ್ರ ಹಾಕುವವರ ಮನೆಯಲ್ಲಿ ಇದು ಬೇಗ ಬರುವುದು ಹಾಗಾಗಿಯೇ. ಇನ್ನೊಂದು ಕಾರಣ, ಮುಂದಿನ ಜಾಳಿಗೆಯ ಪ್ರಿ-ಫಿಲ್ಟರನ್ನು ತೊಳೆದು ಅರೆ ಒದ್ದೆಯಲ್ಲೇ ಹಾಕಿಬಿಡುವುದು. ಮಳೆಗಾಲದಲ್ಲಿ ಅದು ಫ್ಯಾನಿನ ಕೆಳಗೆ ಪೂರ್ತಿ ಒಂದು ದಿನ ಒಣಗಲಿ.

ಚುಕ್ಕೆ ಬಂದ ಹೆಪಾವನ್ನು ಉಳಿಸುವ ದಾರಿ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ, ಗೂಡನ್ನು ಒಣ ಬಟ್ಟೆಯಿಂದ ಒರೆಸಿ, ಹೊಸದನ್ನು ಹಾಕಿ. ಹಳೆಯದನ್ನು ಎಳೆದಾಗ ಅದರ ಚೌಕಟ್ಟಿನ ಬದಿ ನೋಡಿ. ಒಂದು ಅಂಚಿನಲ್ಲಿ ಮಾತ್ರ ಕಪ್ಪು ಗೆರೆ ಹರಿದಿದ್ದರೆ ಗಾಳಿ ಫಿಲ್ಟರ್ ಬಿಟ್ಟು ಆ ಸಂದಿನಿಂದ ನುಗ್ಗುತ್ತಿತ್ತು ಎಂದರ್ಥ. ರಟ್ಟಿನ ಚೌಕಟ್ಟು ತೇವಕ್ಕೆ ಉಬ್ಬಿ ಸೊಟ್ಟಗಾಗಿರುತ್ತದೆ, ಇಲ್ಲವೇ ಫೋಮ್ ಪಟ್ಟಿ ಅಪ್ಪಚ್ಚಿಯಾಗಿರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 3 ಮಿ.ಮೀ. ಅಂಟು ಫೋಮ್ ಪಟ್ಟಿ ಆ ಅಂಚಿಗೆ ಸಾಕು. ಮುರಕಲ್ಲಿನ ಗೋಡೆ ಬೆವರುವ ಮನೆಯಾದರೆ ಯಂತ್ರವನ್ನು ಗೋಡೆಯಿಂದ ಒಂದಡಿ ದೂರ ಇಡಿ. ಗಾಳಿಯೂ ಸಲೀಸಾಗಿ ಒಳಗೆ ಹೋಗುತ್ತದೆ.

ಹೊಸ ಫಿಲ್ಟರ್ ಕೂಡ ಹಾಗೇ ಆಗಬಾರದೆಂದರೆ ತೇವ ಇಳಿಸಬೇಕು, ಆರ್ದ್ರತೆ 60ರ ಒಳಗೆ ಬರಬೇಕು. ಅದಕ್ಕೆ ಆರ್ದ್ರತೆ ಅಳೆಯುವ ಒಂದು ಹೈಗ್ರೋಮೀಟರ್ ತನ್ನಿ. ಅದು ಸರಿ ತೋರಿಸುತ್ತದೆಯೇ ಎಂದು ಮನೆಯಲ್ಲೇ ನೋಡಬಹುದು: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಉಪ್ಪು ಕರಗದಂತೆ ನಾಲ್ಕೈದು ಹನಿ ನೀರು ಬಿಟ್ಟು ಹಸಿ ಮಾಡಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿಟ್ಟು ಬಿಗಿಯಾಗಿ ಮುಚ್ಚಿ. ಹನ್ನೆರಡು ಗಂಟೆಯ ಮೇಲೆ ಅದು 75 ತೋರಿಸಬೇಕು. 81 ತೋರಿಸಿದರೆ ಮುಂದೆ ನೋಡುವಾಗಲೆಲ್ಲ 6 ಕಳೆಯಿರಿ.

ಮಲಗುವ ಕೋಣೆಯಲ್ಲಿ ಬಟ್ಟೆ ಒಣಗಿಸುವುದು ನಿಲ್ಲಲಿ. ಒಂದು ಬಕೆಟ್ ಹಿಂಡಿದ ಬಟ್ಟೆಯಿಂದ ಎರಡು ಮೂರು ಲೀಟರ್ ನೀರು ಗಾಳಿಗೆ ಸೇರುತ್ತದೆ. ಎಸಿ ಇದ್ದರೆ ‘ಡ್ರೈ’ ಮೋಡ್ ಹಾಕಿ. ಗಾಳಿಯ ತೇವ ಎಳೆಯುವ ಡೀಹ್ಯೂಮಿಡಿಫೈಯರ್ ಕೊಳ್ಳುವುದಾದರೆ, ದಿನಕ್ಕೆ ಇಷ್ಟು ಲೀಟರ್ ಎಂದು ಬರೆದಿರುವುದು 30 ಡಿಗ್ರಿ, ಶೇ. 80 ಆರ್ದ್ರತೆಯ ಲೆಕ್ಕ. ಕೋಣೆ ಒಣಗುತ್ತ ಬಂದ ಹಾಗೆ ನೀರು ಎಳೆಯುವುದು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಕಿಟಕಿ ತೆರೆದಿಟ್ಟು ಅದನ್ನು ಓಡಿಸಿದರೆ ಅರಬ್ಬಿ ಸಮುದ್ರವನ್ನೇ ಒಣಗಿಸಲು ಹೊರಟ ಹಾಗೆ.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಸಣ್ಣ ಕ್ಲಿನಿಕ್. ರೋಗಿಗಳು ಕಾಯುವ ಕೋಣೆ 15×20 ಅಡಿ, ಎತ್ತರ 11 ಅಡಿ, ಎಸಿ ಇದೆ. ಅಲ್ಲಿ ಯುವಿ ಟ್ಯೂಬ್ ಹಾಕಿಸಬಹುದೇ?

ಉತ್ತರ: ಮುಚ್ಚಳವಿಲ್ಲದ ಯುವಿ ಟ್ಯೂಬನ್ನು ಜನ ಇರುವಲ್ಲಿ ಹಚ್ಚುವ ಹಾಗೇ ಇಲ್ಲ. ಅದರ 254 ನ್ಯಾನೋಮೀಟರ್ ಅಲೆಯುದ್ದದ ಕಿರಣ ಕಣ್ಣಿಗೆ ಬಿದ್ದರೆ ಆಗ ಏನೂ ತಿಳಿಯುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಬಿದ್ದಂತೆ ಉರಿ ಶುರುವಾಗುತ್ತದೆ. ಬೆಳಕು ನೇರ ಬೀಳದ ಕುರ್ಚಿಯಡಿ ಅದು ಕೆಲಸವನ್ನೂ ಮಾಡದು.

ನಿಮಗೆ ಬೇಕಾದದ್ದು ಮೇಲ್ಗಾಳಿಯನ್ನು ಮಾತ್ರ ಬೆಳಗುವ, ಒತ್ತೊತ್ತಾದ ಅಡ್ಡ ಪಟ್ಟಿಗಳಿರುವ ಫಿಕ್ಸ್ಚರ್, ಅಂದರೆ ದೀಪದ ಗೂಡು. ಕ್ಷಯ ಹರಡದಂತೆ ತಡೆಯಲು ಆಸ್ಪತ್ರೆಗಳಲ್ಲಿ ಬಳಸುವುದು ಇದನ್ನೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕ್ಷಯ ನಿಯಂತ್ರಣಕ್ಕೆ ಇದನ್ನು ಶಿಫಾರಸು ಮಾಡಿದೆ. ಕೋಣೆಯ ಪ್ರತಿ ಘನ ಮೀಟರಿಗೆ 15–20 ಮಿಲಿವ್ಯಾಟ್ ಯುವಿ ಫಿಕ್ಸ್ಚರಿನಿಂದ ಹೊರಗೆ ಬರಬೇಕು. ನಿಮ್ಮ ಕೋಣೆ ಸುಮಾರು 93 ಘನ ಮೀಟರ್, ಹಾಗಾಗಿ 1.4ರಿಂದ 1.9 ವ್ಯಾಟ್. ಜನ ತಪ್ಪುವುದು ಇಲ್ಲೇ. ಇದು ಟ್ಯೂಬಿನ ಮೇಲೆ ಬರೆದ ವ್ಯಾಟ್ ಅಲ್ಲ. ಅಡ್ಡ ಪಟ್ಟಿಗಳೇ ಬಹುಪಾಲು ಕಿರಣವನ್ನು ನುಂಗುವುದರಿಂದ 30 ವ್ಯಾಟಿನ ದೀಪವಿದ್ದರೂ ಹೊರಗೆ ಬರುವುದು ತೀರಾ ಸ್ವಲ್ಪ. ಫಿಕ್ಸ್ಚರಿನ ಒಟ್ಟು ಯುವಿ ಔಟ್‌ಪುಟ್ ಎಷ್ಟೆಂಬ ಅಳತೆಯ ವರದಿ ಕೇಳಿ. ಕೊಡಲಾರೆ ಎಂದವರಿಂದ ಕೊಳ್ಳಬೇಡಿ.

ಫಿಕ್ಸ್ಚರಿನ ತಳಭಾಗ ನೆಲದಿಂದ 7 ಅಡಿಗಿಂತ ಮೇಲಿರಲಿ. ಸೀಲಿಂಗ್ ಫ್ಯಾನ್ ನಿಧಾನವಾಗಿ ತಿರುಗುತ್ತಿರಲಿ. ಕೆಳಗಿನ ಉಸಿರು ಮೇಲೇರಿ ಬೆಳಕಿಗೆ ಸಿಗದಿದ್ದರೆ ದೀಪ ಸುಮ್ಮನೆ ಉರಿದಂತೆ. ಹಚ್ಚಿದ ಮೇಲೆ 254 ನ್ಯಾನೋಮೀಟರ್ ಕಿರಣ ಅಳೆಯುವ ಯುವಿ ಮೀಟರಿನಿಂದ, ನಿಂತವರ ಕಣ್ಣಿನ ಎತ್ತರದಲ್ಲಿ ಕೋಣೆಯ ಎಲ್ಲ ಮೂಲೆಯಲ್ಲೂ ಅಳೆಸಿ. ದಿನಕ್ಕೆ ಎಂಟು ಗಂಟೆ ಕೂರುವ ರಿಸೆಪ್ಷನ್ ಕುರ್ಚಿಯಲ್ಲಿ ಚದರ ಸೆಂ.ಮೀ.ಗೆ 0.2 ಮೈಕ್ರೋವ್ಯಾಟ್ ದಾಟಬಾರದು. ಎಂಟು ಗಂಟೆಗೆ ಒಟ್ಟು 6 ಮಿಲಿಜೂಲ್ ಎಂಬ ಮಿತಿಯಿಂದ ಬಂದ ಲೆಕ್ಕ ಇದು. ದಾಟಿದರೆ ಹೆಚ್ಚಾಗಿ ತಪ್ಪು ದೀಪದ್ದಲ್ಲ, ಎದುರಿಗಿರುವ ಅಲ್ಯೂಮಿನಿಯಂ ಸೀಲಿಂಗಿನದ್ದು. ಅದು ಯುವಿಯನ್ನು ಕೆಳಕ್ಕೆ ಪ್ರತಿಫಲಿಸುತ್ತದೆ. ಅಷ್ಟು ಜಾಗಕ್ಕೆ ಮಾಮೂಲಿ ಬಿಳಿ ಪೇಂಟ್ ಬಳಿದರೆ ಕಿರಣ ಹೀರಿಕೊಳ್ಳುತ್ತದೆ. ಬಲ್ಬು ಬದಲಿಸಲು ಏಣಿ ಹತ್ತುವವರು ಮೊದಲು ದೀಪ ಆರಿಸಲು ಮರೆಯದಂತೆ, ದೀಪದ ಸ್ವಿಚ್ಚಿಗೆ ಬೇರೆ ಗುರುತು ಹಾಕಿಡಿ.

ಇಲ್ಲಿಯೂ ತೇವದ ಪ್ರಶ್ನೆ ಬರುತ್ತದೆ. ಆರ್ದ್ರತೆ 60 ದಾಟಿದ ಮೇಲೆ ಯುವಿಯ ಕೊಲ್ಲುವ ಶಕ್ತಿ ಇಳಿಯುತ್ತ ಹೋಗುತ್ತದೆ. ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಗೆ ಇದು ಸರಿ. ಬಾಗಿಲು ಕಿಟಕಿ ತೆರೆದು ಎರಡು ಬದಿಯಿಂದ ಗಾಳಿ ಆಡುವ ಕೋಣೆಯಾದರೆ, ನಮ್ಮ ಅಭಿಪ್ರಾಯದಲ್ಲಿ, ಆ ದುಡ್ಡಿಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಒಳ್ಳೆಯದು.

ಪ್ರಶ್ನೆ: ಯುವಿ ದೀಪ ನೀಲಿಯಾಗಿ ಉರಿಯುತ್ತಿದೆ, ಆದರೂ ಬದಲಿಸಿ ಎನ್ನುತ್ತಾರೆ. ಏಕೆ? ಒಡೆದರೆ ಏನು ಮಾಡಬೇಕು?
– ಮಣಿಪಾಲ

ಉತ್ತರ: ಕಾಣುವ ನೀಲಿ ಬೇರೆ, ಕೆಲಸ ಮಾಡುವ 254 ಬೇರೆ. ಯುವಿ ಕುಗ್ಗಿದ ಮೇಲೂ ನೀಲಿ ಉರಿಯುತ್ತಲೇ ಇರುತ್ತದೆ. ಸಾಮಾನ್ಯ ಆಯುಷ್ಯ 9,000 ಗಂಟೆ, ಅಂದರೆ ಹಗಲುರಾತ್ರಿ ಉರಿಸಿದರೆ ಒಂದು ವರ್ಷ. ಮೂರು ತಿಂಗಳಿಗೊಮ್ಮೆ ಆರಿಸಿ, ತಣಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ; ಬೆರಳಿನ ಜಿಡ್ಡೂ ಕಿರಣ ತಡೆಯುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುವ 395–405 ನ್ಯಾನೋಮೀಟರಿನ ನೇರಳೆ ಎಲ್ಇಡಿ ಈ ಕೆಲಸಕ್ಕಲ್ಲ.

ಒಡೆದರೆ ಒಳಗಿನ ಪಾದರಸ ಹಬೆಯಾಗುತ್ತದೆ. ಕಿಟಕಿ ತೆರೆದು, ಎಸಿ ಆರಿಸಿ, ಕಾಲು ಗಂಟೆ ಎಲ್ಲರೂ ಹೊರಗಿರಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಚೂರುಗಳನ್ನು ರಟ್ಟಿನಿಂದ ಎತ್ತಿ, ಪುಡಿಯನ್ನು ಅಗಲ ಟೇಪಿಗೆ ಅಂಟಿಸಿ, ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಮನೆ ಕಸದ ಜೊತೆ ಸೇರಿಸಬೇಡಿ.

ಪ್ರಶ್ನೆ: ಹೆಪಾ ಫಿಲ್ಟರ್ ತೊಳೆಯಬಹುದೇ?
– ಸುರತ್ಕಲ್

ಉತ್ತರ: ಇಲ್ಲ. ಗಾಜಿನ ನಾರಿನದ್ದಾದರೆ ಮಡಿಕೆ ಹರಿಯುತ್ತದೆ. ಪ್ಲಾಸ್ಟಿಕ್ ನಾರಿನದ್ದಾದರೆ ಕಣ ಎಳೆಯುವ ಅದರ ಸ್ಥಿರ ವಿದ್ಯುತ್ತು ಕಳೆದುಹೋಗಬಹುದು. ನೋಡಲು ಸ್ವಚ್ಛ, ಹಿಡಿಯುವುದು ಕಡಿಮೆ.

ಪ್ರಶ್ನೆ: ನಮ್ಮದು ಮುಚ್ಚಿಗೆ ಇಲ್ಲದ ಹಂಚಿನ ಮನೆ. ಬಚ್ಚಲಿನ ಒಲೆಗೆ ತೆಂಗಿನ ಸಿಪ್ಪೆ ಉರಿಸುತ್ತೇವೆ, ಹೊಗೆ ಒಳಗೆ ಬರುತ್ತದೆ. ಪ್ಯೂರಿಫೈಯರ್ ಸಾಕೇ?
– ಕಾಪು

ಉತ್ತರ: ಸಾಲದು. ಹಂಚಿನ ಸಂದಿನಿಂದ ಗಾಳಿ ಬಂದು ಹೋಗುತ್ತಲೇ ಇರುತ್ತದೆ, ಯಂತ್ರ ತೊಳೆದ ಗಾಳಿ ಉಳಿಯುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹೆಪಾಕ್ಕೂ ಸಿಗದು, ಯುವಿಗೂ ಸಿಗದು, ಇದ್ದಿಲಿನ ಫಿಲ್ಟರಿಗೂ ಸಿಗದು. ಒಲೆಗೆ ಮಾಡಿನ ನೆತ್ತಿಗಿಂತ ಮೂರಡಿಯಾದರೂ ಮೇಲೇರುವ ಹೊಗೆ ಕೊಳವೆ ಹಾಕಿಸಿ, ಸಿಪ್ಪೆ ಪೂರ್ತಿ ಒಣಗಿದ ಮೇಲೆ ಉರಿಸಿ, ಬಚ್ಚಲಿನಿಂದ ಮನೆಯೊಳಗೆ ತೆರೆಯುವ ಬಾಗಿಲ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಬಡಿಸಿ. ಆಮೇಲೂ ಒಂದು ಕೋಣೆಗೆ ಪ್ಯೂರಿಫೈಯರ್ ಬೇಕೆನಿಸಿದರೆ ಆ ಕೋಣೆಗೆ ಮುಚ್ಚಿಗೆ ಹಾಕಿಸಿಯೇ ತನ್ನಿ.