ಎರಡನೆಯ ವಸಂತದಲ್ಲಿ ಟ್ಯುಲಿಪ್ ಏಕೆ ಹೂ ಬಿಡಲಿಲ್ಲ?

ಪ್ರಶ್ನೆ: ನಮ್ಮಲ್ಲಿ ಚಳಿಗಾಲ ಸೌಮ್ಯ, ಹಿಮ ಬೀಳುವುದಿಲ್ಲ. ಹೋದ ವರ್ಷ ಕೈತೋಟದಲ್ಲಿ ನೆಟ್ಟ ಟ್ಯುಲಿಪ್ ಗೆಡ್ಡೆಗಳು ವಸಂತದಲ್ಲಿ ಹೂ ಬಿಟ್ಟವಾದರೂ ದಂಟು ಗೇಣುದ್ದವೂ ಬೆಳೆಯದೆ ಹೂಗಳು ಎಲೆಗಳ ನಡುವೆಯೇ ಅರಳಿದವು. ಈ ವರ್ಷ ಒಂದೊಂದು ಕಡೆ ಒಂದೇ ಅಗಲವಾದ ಎಲೆ ಬಂದಿದೆ, ಮೊಗ್ಗಿಲ್ಲ. ಪಕ್ಕದ ಫ್ರೀಸಿಯಾ ಮಾತ್ರ ತುಂಬಾ ಹೂ ಬಿಟ್ಟಿದೆ. ಗೊಬ್ಬರ ಸಾಲದೇ ಹೋಯಿತೇ? ಎಲೆಗಳನ್ನು ಕತ್ತರಿಸಬಹುದೇ?

ಉತ್ತರ: ತಪ್ಪು ಗೊಬ್ಬರದ್ದಲ್ಲ, ನಿಮ್ಮ ಆರೈಕೆಯದ್ದೂ ಅಲ್ಲ, ನಿಮ್ಮ ಟ್ಯುಲಿಪ್‌ಗಳಿಗೆ ಸಾಕಷ್ಟು ಚಳಿ ಸಿಗಲಿಲ್ಲ. ಮೊದಲ ವರ್ಷದ ಹೂವಿನ ಮೊಗ್ಗು ನೀವು ಗೆಡ್ಡೆ ಕೊಳ್ಳುವ ಮೊದಲೇ ಅದರೊಳಗೆ ರೂಪುಗೊಂಡಿತ್ತು. ಆದರೆ ಆ ಮೊಗ್ಗನ್ನು ಮೇಲಕ್ಕೆತ್ತಬೇಕಾದ ದಂಟು ಸರಿಯಾಗಿ ನೀಳವಾಗಬೇಕಾದರೆ ಗೆಡ್ಡೆ ಹಲವು ವಾರ ನಿರಂತರ ಚಳಿಯಲ್ಲಿ ಇರಬೇಕಾಗುತ್ತದೆ. ಅದು ಸಿಗದಿದ್ದಾಗ ಹೂ ಎಲೆಗಳ ನಡುವೆಯೇ ಅರಳಿಬಿಡುತ್ತದೆ.

ಈ ವರ್ಷದ ಒಂಟಿ ಎಲೆಗೆ ಕಾರಣ ಬೇರೆ. ನೆಟ್ಟ ಟ್ಯುಲಿಪ್ ಗೆಡ್ಡೆ ಹೂ ಬಿಟ್ಟ ಮೇಲೆ ಉಳಿಯುವುದಿಲ್ಲ. ಅದು ತನ್ನ ಸಂಗ್ರಹವನ್ನೆಲ್ಲ ಖರ್ಚು ಮಾಡಿ ಕರಗಿಹೋಗುತ್ತದೆ, ಅದರ ಜಾಗದಲ್ಲಿ ಮರಿಗೆಡ್ಡೆಗಳು ಹುಟ್ಟುತ್ತವೆ. ಬೆಚ್ಚಗಿನ ಮಣ್ಣಿನಲ್ಲಿ ಎಲೆಗಳು ಬೇಗ ಒಣಗುವುದರಿಂದ ಈ ಮರಿಗಳು ದಪ್ಪವಾಗಲು ಸಮಯ ಸಾಲುವುದಿಲ್ಲ, ಮತ್ತು ಹೂ ಬಿಡುವ ಗಾತ್ರ ತಲುಪದ ಮರಿಯ ಗುರುತೇ ನೀವು ಕಂಡ ಆ ಒಂಟಿ ಅಗಲ ಎಲೆ. ಒಂದು ಗಿಡವನ್ನು ಮೆಲ್ಲಗೆ ಅಗೆದು ನೋಡಿ: ಹೋದ ವರ್ಷದ ದೊಡ್ಡ ಗೆಡ್ಡೆಯಿದ್ದ ಕಡೆ ಕಂದು ಸಿಪ್ಪೆಯ ಚೂರುಗಳ ನಡುವೆ ಸಣ್ಣ ಮರಿಗಳು ಸಿಗುತ್ತವೆ.

ಟ್ಯುಲಿಪ್ ಬೇಕೇ ಬೇಕೆಂದರೆ, ಅದನ್ನು ಒಂದೇ ಋತುವಿನ ಹೂವೆಂದು ಭಾವಿಸಿ ಪ್ರತಿ ವರ್ಷ ಹೊಸ ಗೆಡ್ಡೆ ನೆಡುವುದೇ ಸೌಮ್ಯ ಹವೆಯಲ್ಲಿ ಪ್ರಾಯೋಗಿಕ ಎಂಬುದು ನನ್ನ ಅಭಿಪ್ರಾಯ. ನೆಡುವ ಮುನ್ನ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ, ಸುಮಾರು 4ರಿಂದ 7 ಡಿಗ್ರಿ ಸೆಲ್ಸಿಯಸ್ ಇರುವ ಫ್ರಿಜ್‌ನಲ್ಲಿ 12ರಿಂದ 16 ವಾರ ಇಡಬೇಕು, ಫ್ರೀಜರ್‌ನಲ್ಲಿ ಇಡಲೇಬಾರದು. ಅದೇ ಫ್ರಿಜ್‌ನಲ್ಲಿ ಸೇಬು ಮೊದಲಾದ ಮಾಗುವ ಹಣ್ಣುಗಳು ಇರದಂತೆ ನೋಡಿಕೊಳ್ಳಿ, ಏಕೆಂದರೆ ಅವು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನೇ ಸಾಯಿಸುತ್ತದೆ. ಎಷ್ಟೋ ಮಂದಿಯ ಶ್ರಮ ವ್ಯರ್ಥವಾಗುವುದು ಇಲ್ಲಿಯೇ. ಹೊರತೆಗೆದ ಗೆಡ್ಡೆಯನ್ನು ತಡಮಾಡದೆ, ವರ್ಷದ ಅತಿ ತಂಪಾದ ದಿನಗಳಲ್ಲಿ, ಅದರ ಎತ್ತರದ ಮೂರು ಪಟ್ಟು ಆಳದಲ್ಲಿ ನೆಡಿ.

ಪ್ರತಿ ವರ್ಷ ತಾವಾಗಿಯೇ ಮರಳುವ ಹೂಗಳು ಬೇಕಾದರೆ ಫ್ರೀಸಿಯಾ ನಿಮಗೆ ದಾರಿ ತೋರಿಸಿದೆ. ಅದರ ತವರು ದಕ್ಷಿಣ ಆಫ್ರಿಕಾ. ಸೌಮ್ಯವಾದ, ತೇವದ ಚಳಿಗಾಲ ಮತ್ತು ಒಣ ಬೇಸಿಗೆ ಅದಕ್ಕೆ ಒಗ್ಗಿದ ಕ್ರಮ. ಅದೇ ನೆಲದ ಸ್ಪರಾಕ್ಸಿಸ್, ಇಕ್ಸಿಯಾಗಳೂ, ಗೊಂಚಲಾಗಿ ಅರಳುವ ಪೇಪರ್‌ವೈಟ್ ನಾರ್ಸಿಸಸ್ ಕೂಡ ಕೊರೆಯುವ ಚಳಿಯನ್ನು ಬಯಸುವುದಿಲ್ಲ. ಟ್ಯುಲಿಪ್ ಕುಲದಲ್ಲೇ ಕ್ಲೂಸಿಯಾನಾ ಎಂಬ ಕಾಡು ಪ್ರಭೇದ ಕಡಿಮೆ ಚಳಿಗೆ ಒಗ್ಗಿಕೊಳ್ಳುತ್ತದೆ. ಹೂ ಚಿಕ್ಕದು, ಆದರೆ ಬಿಳಿ ದಳಗಳ ಹೊರಮೈಯ ಕೆಂಪು ಪಟ್ಟೆ ಅತಿ ಸುಂದರ.

ಎಲೆಗಳನ್ನು ಹಸಿರಿರುವಾಗ ದಯವಿಟ್ಟು ಕತ್ತರಿಸಬೇಡಿ, ಜಡೆ ಹೆಣೆದು ಕಟ್ಟಲೂಬೇಡಿ. ಫ್ರೀಸಿಯಾದ ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಈಗ ಆ ಎಲೆಗಳೇ ಕೂಡಿಡುತ್ತಿವೆ. ಒಣಗಿದ ಹೂಗಳನ್ನಷ್ಟೇ ಚಿವುಟಿ, ಎಲೆಗಳು ಪೂರ್ತಿ ಹಳದಿಯಾಗುವವರೆಗೆ ಹದವಾಗಿ ನೀರು ಕೊಡಿ, ಆಮೇಲೆ ನೀರು ನಿಲ್ಲಿಸಿ. ಬೇಸಿಗೆಯಲ್ಲಿ ಆ ಪಾತಿ ಒದ್ದೆಯಾಗುವಂತಿದ್ದರೆ ಗೆಡ್ಡೆಗಳನ್ನು ಅಗೆದು ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿಡಿ.