ಗಿಫ್ಟೆಡ್ ಪರೀಕ್ಷೆಗಾಗಿ ಮನೆಯಲ್ಲಿ ನಿಂತುಹೋದ ಕನ್ನಡ

(ತಂದೆತಾಯಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅನಘಾಗೆ ಎಂಟು ವರ್ಷ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದಿಂದ ಉತ್ತರಕ್ಕಿರುವ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಗ್ರೇಡ್. ಅಪ್ಪ ಪ್ರಶಾಂತ ಹಾಸನದ ಕಡೆಯವರು, ಅಮ್ಮ ವಿದ್ಯಾ ದಾವಣಗೆರೆಯವರು. ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅವರಿಗೆ ಶುಕ್ರವಾರ ರಾತ್ರಿ, ಬೆಂಗಳೂರಿನಲ್ಲಿ ನನಗೆ ಶನಿವಾರ ಬೆಳಿಗ್ಗೆ. ಮಗಳ ವಿಷಯಕ್ಕೆ ಸಲಹೆ ಕೇಳಲು ಅವರು ನನ್ನನ್ನು ಸಂಪರ್ಕಿಸಿದ್ದರು. ಮಾತೆಲ್ಲ ವಿಡಿಯೊ ಕಾಲ್‌ನಲ್ಲೇ.

ಭಾನುವಾರ ರಾತ್ರಿ ಆದರೆ ಸಾಕು, ಮಗಳಿಗೆ ಹೊಟ್ಟೆನೋವು. ಸೋಮವಾರ ಸ್ಕೂಲ್ ಬಸ್ ಬರುವ ಹೊತ್ತಿಗೆ ಅಳು. ಮಕ್ಕಳ ಡಾಕ್ಟರಿಗೆ ತೋರಿಸಿದ್ದರು. ದೇಹಕ್ಕೆ ಏನೂ ಆಗಿಲ್ಲ ಅಂದಿದ್ದರಂತೆ. ಇದೆಲ್ಲ ಶುರುವಾದದ್ದು ಶಾಲೆಯಿಂದ ಒಂದು ಪತ್ರ ಬಂದ ಮೇಲೆ. ಗಿಫ್ಟೆಡ್ ಕಾರ್ಯಕ್ರಮಕ್ಕೆ, ಅಂದರೆ ವಿಶೇಷ ಸಾಮರ್ಥ್ಯದ ಮಕ್ಕಳಿಗೆ ಶಾಲೆ ಕೊಡುವ ಬೇರೆ ಬಗೆಯ ಪಾಠಕ್ಕೆ, ಅನಘಾಳ ಸ್ಕೋರ್ ಸಾಲದು ಅಂತ ಅದರಲ್ಲಿತ್ತು. ಪಕ್ಕದ ಕನ್ನಡದವರ ಮನೆಯ ಹುಡುಗನಿಗೆ ಸಿಕ್ಕಿತ್ತು.

"ಒಂದು ವರ್ಷದಿಂದ ದಿನಾ ಸಂಜೆ ಪ್ರಾಕ್ಟೀಸ್ ಮಾಡಿಸಿದೀವಿ ಮೇಡಂ. ಎಲ್ಲಿ ತಪ್ಪಿದ್ವಿ ಅಂತಾನೇ ಗೊತ್ತಾಗ್ತಿಲ್ಲ," ಅಂದರು ವಿದ್ಯಾ.

ಪ್ರಶಾಂತ ಸೇರಿಸಿದರು: "ನಮ್ ಸಿಇಟಿ ಥರಾನೇ ಅಲ್ವಾ ಇದೂ? ಈಗಲೇ ಹಿಂದೆ ಬಿದ್ರೆ ಆಮೇಲೆ ಕಷ್ಟ."

ಇಲ್ಲಿ ನಾನು ಅವರನ್ನು ತಡೆದೆ. ಸಿಇಟಿಯಲ್ಲಿ ಸೀಟು ಇಷ್ಟೇ ಇರುತ್ತದೆ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ತಪ್ಪುತ್ತದೆ. ಜಾರ್ಜಿಯಾದಲ್ಲಿ ಹಾಗಿಲ್ಲ. ಅರ್ಹತೆ ಇರುವ ಪ್ರತಿ ಮಗುವಿಗೂ ಶಾಲೆ ಈ ಪಾಠ ಕೊಡಲೇಬೇಕು, ಅದಕ್ಕೆ ರಾಜ್ಯ ಹಣ ಕೊಡುತ್ತದೆ. ಪಕ್ಕದ ಮನೆ ಹುಡುಗ ಅನಘಾಳ ಜಾಗವನ್ನೇನೂ ತೆಗೆದುಕೊಂಡಿಲ್ಲ. ಅಲ್ಲದೆ ಇದು ಬೇರೆಯದೇ ಶಾಲೆಯೂ ಅಲ್ಲ. ಓದುವ ಶಾಲೆಯಲ್ಲೇ ವಾರದಲ್ಲಿ ಕೆಲವು ಪಿರಿಯಡ್ ಬೇರೆ ಬಗೆಯ ಪಾಠ, ಅಷ್ಟೇ. ಈ ಮಾತು ಕೇಳಿ ಪ್ರಶಾಂತ ಸ್ವಲ್ಪ ಹೊತ್ತು ಸುಮ್ಮನಾದರು. ಆ ಹುಡುಗನ ಮನೆಯವರ ಜೊತೆ ಮಾತು ಕಮ್ಮಿ ಮಾಡಿದ್ದೆವು ಅಂತ ಆಮೇಲೆ ವಿದ್ಯಾ ಹೇಳಿದರು.

ಸ್ಕೋರ್ ರಿಪೋರ್ಟ್ ಕಳಿಸಲು ಕೇಳಿದೆ. ಬರೆಸಿದ್ದು ಕಾಗ್ಯಾಟ್ (CogAT) ಅನ್ನುವ ಬುದ್ಧಿಶಕ್ತಿ ಪರೀಕ್ಷೆ. ಅದರಲ್ಲಿ ಮೂರು ಭಾಗ: ಭಾಷೆ, ಸಂಖ್ಯೆ, ಚಿತ್ರಾಕೃತಿ. ಅನಘಾಗೆ ಸಂಖ್ಯೆಯಲ್ಲಿ 97, ಆಕೃತಿಯಲ್ಲಿ 98, ಭಾಷೆಯಲ್ಲಿ 68, ಒಟ್ಟು 94. ಇವೆಲ್ಲ ಪರ್ಸೆಂಟೈಲ್. 94 ಅಂದರೆ ಅವಳ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 94 ಮಕ್ಕಳಿಗಿಂತ ಮುಂದಿದ್ದಾಳೆ ಅಂತ. ಮನೆಯಲ್ಲಿ ಇದನ್ನು ಅಂಕ ಅಂತಲೇ ಓದಿದ್ದರು. "ಉಳಿದ ಆರು ಎಲ್ಲಿ ಹೋಯ್ತು ಪುಟ್ಟಾ?" ಅಂತ ಅಪ್ಪ ಕೇಳಿದ್ದರು. ಗದರಿ ಕೇಳಿದ್ದಲ್ಲ, ಪ್ರೀತಿಯಿಂದಲೇ ಕೇಳಿದ್ದು. ಆದರೆ ಎಂಟು ವರ್ಷದ ಮಗು ಅದಕ್ಕೆ ಏನು ಉತ್ತರ ಕೊಟ್ಟೀತು?

ಆಮೇಲೆ ಕೇಳಿದೆ: "ಪೂರ್ತಿ ಪರೀಕ್ಷೆಗೆ ಒಪ್ಪಿಗೆ ಅಂತ ನೀವು ಯಾವುದಾದರೂ ಫಾರಂಗೆ ಸಹಿ ಹಾಕಿದ್ರಾ?"

"ಇಲ್ವಲ್ಲ ಮೇಡಂ."

ಹಾಗಿದ್ದರೆ ಪೂರ್ತಿ ಪರೀಕ್ಷೆ ಇನ್ನೂ ನಡೆದೇ ಇಲ್ಲ. ತಂದೆತಾಯಿ ಬರೆದು ಒಪ್ಪದೆ ಅದನ್ನು ಮಾಡುವ ಹಾಗಿಲ್ಲ. ಆಗಿದ್ದು ಎಲ್ಲ ಮಕ್ಕಳಿಗೂ ಮಾಡುವ ಮೊದಲ ಜರಡಿ. ಪತ್ರವನ್ನು ಮತ್ತೆ ಓದಿಸಿದೆ. 'ಈ ಸ್ಕ್ರೀನಿಂಗ್ ಆಧಾರದ ಮೇಲೆ' ಅನ್ನುವ ಮಾತು ಎರಡನೇ ಸಾಲಿನಲ್ಲೇ ಇತ್ತು.

ರಾಜ್ಯದ ನಿಯಮದಲ್ಲಿ (ಅದರ ಸಂಖ್ಯೆ 160-4-2-.38, ಯಾರು ಬೇಕಾದರೂ ಓದಬಹುದು) ಎರಡು ದಾರಿಗಳಿವೆ. ಒಂದು, ಬುದ್ಧಿಶಕ್ತಿ ಪರೀಕ್ಷೆಯ ಒಟ್ಟು ಸ್ಕೋರ್ ಮೂರನೇ ಗ್ರೇಡಿನಿಂದ ಮೇಲಿನವರಿಗೆ 96ನೇ ಪರ್ಸೆಂಟೈಲ್, ಅದಕ್ಕಿಂತ ಚಿಕ್ಕವರಿಗೆ 99 ಇರಬೇಕು. ಜೊತೆಗೆ ಓದಿನಲ್ಲೋ ಗಣಿತದಲ್ಲೋ ಕಲಿಕೆಯ ಮಟ್ಟ 90ನೇ ಪರ್ಸೆಂಟೈಲ್ ಇರಬೇಕು. ವಾಟ್ಸಾಪ್ ಗುಂಪಿನಲ್ಲಿ ಓಡಾಡುವುದು ಇದೊಂದೇ. ಇನ್ನೊಂದು ದಾರಿಯಲ್ಲಿ ನಾಲ್ಕು ವಿಷಯ ನೋಡುತ್ತಾರೆ: ಬುದ್ಧಿಶಕ್ತಿ, ಕಲಿಕೆಯ ಮಟ್ಟ, ಸೃಜನಶೀಲತೆ, ಕಲಿಯುವ ಹುಮ್ಮಸ್ಸು. ನಾಲ್ಕರಲ್ಲಿ ಮೂರು ದಾಟಿದರೆ ಸಾಕು. ಬುದ್ಧಿಶಕ್ತಿಗೆ ಇಲ್ಲಿ ಒಟ್ಟು ಸ್ಕೋರೇ ಬೇಕು ಅಂತಿಲ್ಲ, ಸೂಕ್ತವಾದ ಒಂದು ಭಾಗದಲ್ಲಿ 96 ಇದ್ದರೂ ಆಗುತ್ತದೆ. ಅನಘಾಳ 98 ಅಲ್ಲೇ ಇದೆ. ಗಣಿತದಲ್ಲಿ ಅವಳು 90ರ ಮೇಲಿದ್ದ ಶಾಲೆಯ ರಿಪೋರ್ಟೂ ಅಡುಗೆಮನೆಯ ಡ್ರಾಯರ್‌ನಲ್ಲಿತ್ತು.

ಆದರೆ ಭಾಷೆಯ ಆ 68 ಆ ಮನೆಯಲ್ಲಿ ಏನು ಮಾಡಿತ್ತು ಅನ್ನುವುದೇ ನನಗೆ ಹೆಚ್ಚು ಚಿಂತೆ ತಂದದ್ದು. ಸ್ಕೋರ್ ನೋಡಿದ ದಿನದಿಂದ ಮನೆಯಲ್ಲಿ ಕನ್ನಡ ಬಂದ್. ಊಟ, ಆಟ, ಜಗಳ ಎಲ್ಲ ಇಂಗ್ಲಿಷಿನಲ್ಲೇ. ಆಗ ಪ್ರಶಾಂತರ ತಾಯಿ ಊರಿಂದ ಬಂದು ಅವರ ಜೊತೆಗಿದ್ದರು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. "ಅತ್ತೆ ಪಾಪ ಟಿವಿ ಮುಂದೆ ಕೂತಿರ್ತಾರೆ. ಇವಳು ಅವರ ರೂಮಿಗೆ ಹೋಗೋದೇ ಬಿಟ್ಟಿದಾಳೆ," ಅಂದರು ವಿದ್ಯಾ. ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಅನಘಾ ಒಬ್ಬಳೇ ಇದ್ದಾಗ ಅವಳ ಜೊತೆ ಮಾತಾಡಿದೆ. ಕನ್ನಡದಲ್ಲಿ ಶುರು ಮಾಡಿದ್ದಕ್ಕೆ ಅವಳು ಮೊದಲು ಬಾಗಿಲ ಕಡೆ ನೋಡಿದಳು. ನಿನಗೆ ಇಷ್ಟವಾದದ್ದು ಏನಾದರೂ ತೋರಿಸು ಅಂದೆ. ಪ್ರಾಕ್ಟೀಸ್ ಪುಸ್ತಕವನ್ನೇ ತಂದಳು. ಮುಂದಿನದನ್ನು ಬಿಡಿಸು ಅಂತ ಕೊಟ್ಟಿದ್ದ ಆಕೃತಿಗಳ ಅಂಚಿನಲ್ಲೆಲ್ಲ ಅವಳದೇ ಗೀಚು. ಒಂದು ತ್ರಿಕೋನಕ್ಕೆ ಕಾಲು ಬಂದಿತ್ತು. ಉದ್ದ ಗೀಟಿನ ತುದಿಗೆ ಹೂವಿನಂಥದ್ದು ಬರೆದು "ಇದು ಅಜ್ಜಿ ಮಜ್ಜಿಗೆ ಕಡೆಯೋ ಕಡಗೋಲು" ಅಂದಳು. ಕೆಲವು ಪುಟಗಳಲ್ಲಿ ರಬ್ಬರ್ ಹಾಕಿ ಉಜ್ಜಿದ ಕಲೆ ಇತ್ತು. ಪುಸ್ತಕ ನೀಟಾಗಿರಲಿ ಅಂತ ಅಮ್ಮ ಅಳಿಸಿದ್ದು. ಆಮೇಲೆ ಅವಳೇ ಹೇಳಿದಳು, "ನಾನು ಗಿಫ್ಟೆಡ್ ಅಲ್ಲ ಅಂತ ಲೆಟರ್ ಬಂದಿದೆ."

ತಂದೆತಾಯಿಗೆ ನಾನು ಕೊಟ್ಟ ಸಲಹೆ ಇದು.

ಮೊದಲು ಕನ್ನಡ ಶುರು ಮಾಡಿ, ಇವತ್ತಿನಿಂದಲೇ. ಎರಡು ಭಾಷೆಯ ಮಗುವಿನ ಮಾತು ಎರಡು ಕಡೆ ಹಂಚಿರುತ್ತದೆ. ಒಂದೇ ಭಾಷೆಯಲ್ಲಿ ಅಳೆದಾಗ ಕಮ್ಮಿ ಅನಿಸಬಹುದು, ಎರಡನ್ನೂ ಸೇರಿಸಿ ನೋಡಿದರೆ ಸಾಮಾನ್ಯವಾಗಿ ಕಮ್ಮಿ ಇರುವುದಿಲ್ಲ. ಶಾಲೆಯ ಇಂಗ್ಲಿಷ್ ಶಾಲೆಯಲ್ಲಿ, ಪುಸ್ತಕದಲ್ಲಿ ಬೆಳೆಯುತ್ತದೆ. ಅಜ್ಜಿ ಕಥೆ ಹೇಳುವಾಗ ಮಗು ಏಕೆ, ಆಮೇಲೇನಾಯ್ತು, ಹಾಗಾದರೆ ಅಂತ ಕೇಳುತ್ತದಲ್ಲ, ಆ ಯೋಚನೆ ಇಂಗ್ಲಿಷಿಗೂ ಬರುತ್ತದೆ. ನಿಮ್ಮ ಆಫೀಸ್ ಇಂಗ್ಲಿಷಿನಲ್ಲಿ ಅಷ್ಟು ಸಿಗುವುದಿಲ್ಲ.

ಎರಡನೆಯದು ಸ್ವಲ್ಪ ಮುಜುಗರದ ವಿಷಯ. ಶಾಲೆಗೆ ಸೇರಿಸುವಾಗ ಮನೆಮಾತು ಯಾವುದು ಅಂತ ಕೇಳುವ ಫಾರಂ ಇರುತ್ತದೆ. ಪ್ರಶಾಂತ ಅದರಲ್ಲಿ ಇಂಗ್ಲಿಷ್ ಅಂತ ಬರೆದಿದ್ದರು. ಕನ್ನಡ ಅಂದರೆ ಇಂಗ್ಲಿಷ್ ಕಲಿಸುವ ಬೇರೆ ಕ್ಲಾಸಿಗೆ ಹಾಕಿಬಿಡುತ್ತಾರೆ ಅನ್ನುವ ಭಯ. ತುಂಬಾ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ಆದರೆ ಕನ್ನಡ ಅಂತ ಬರೆದರೂ ಮೊದಲು ಮಗುವಿನ ಇಂಗ್ಲಿಷ್ ಎಷ್ಟಿದೆ ಅಂತ ನೋಡುತ್ತಾರೆ, ಸುಮ್ನೆ ಕ್ಲಾಸಿಗೆ ಹಾಕುವುದಿಲ್ಲ. ಬರೆಯದಿದ್ದರೆ ಆ 68ರ ಹಿಂದೆ ಇನ್ನೊಂದು ಭಾಷೆ ಇದೆ ಅಂತ ಶಾಲೆಗೆ ಗೊತ್ತಾಗುವ ದಾರಿಯೇ ಇಲ್ಲ. ಇಂಥ ಮಕ್ಕಳು ಕಣ್ತಪ್ಪಿ ಹೋಗುವುದು ಹೊಸದಲ್ಲ. ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 2005ರಲ್ಲಿ, ಯಾರೋ ಹೆಸರು ಸೂಚಿಸಲಿ ಅಂತ ಕಾಯುವುದನ್ನು ಬಿಟ್ಟು ಎರಡನೇ ಗ್ರೇಡಿನ ಮಕ್ಕಳಿಗೆಲ್ಲ ಪದಗಳಿಲ್ಲದ ಪರೀಕ್ಷೆ ಕೊಟ್ಟರು. ಅಲ್ಲಿಯವರೆಗೆ ಯಾರೂ ಗಮನಿಸದಿದ್ದ ಬಡ ಮನೆಯ, ಬೇರೆ ಮನೆಮಾತಿನ ಎಷ್ಟೋ ಮಕ್ಕಳು ಆಗ ಬೆಳಕಿಗೆ ಬಂದರು. ಫಾರಂ ಸರಿಮಾಡಿಸಿ.

ಆಮೇಲೆ ಶಾಲೆಯ ಗಿಫ್ಟೆಡ್ ಕೋಆರ್ಡಿನೇಟರ್‌ಗೆ ಚಿಕ್ಕದೊಂದು ಇಮೇಲ್ ಬರೆಯಿರಿ. ದೂರು ಬೇಡ, ಪಕ್ಕದ ಮನೆ ಹುಡುಗನ ಸುದ್ದಿ ಬೇಡ. ತಂದೆತಾಯಿಯೂ ಮಗುವಿನ ಹೆಸರು ಸೂಚಿಸಬಹುದು, ಹಾಗೆ ಸೂಚಿಸುತ್ತಿದ್ದೇವೆ ಅನ್ನಿ. ಮನೆಮಾತು ಕನ್ನಡ ಅಂತ ತಿಳಿಸಿ. ಎರಡು ಭಾಗಗಳ ಸ್ಕೋರ್, ಗಣಿತದ ರಿಪೋರ್ಟ್ ಲಗತ್ತಿಸಿ. ಪೂರ್ತಿ ಪರೀಕ್ಷೆಗೆ ಪರಿಗಣಿಸುತ್ತೀರಾ, ಯಾವಾಗ ಅಂತ ಕೇಳಿ. ಪರೀಕ್ಷೆ ಮಾಡಬೇಕೋ ಬೇಡವೋ ಅನ್ನುವುದು ಶಾಲೆಯ ತಂಡದ ತೀರ್ಮಾನ. ಹೊರಗೆ ಮನಶ್ಶಾಸ್ತ್ರಜ್ಞರ ಹತ್ತಿರ ಐಕ್ಯೂ ಪರೀಕ್ಷೆ ಮಾಡಿಸೋಣವೇ ಅಂತ ಪ್ರಶಾಂತ ಕೇಳಿದರು. ಬೇಡ ಅಂದೆ. ಹೊರಗಿನ ವರದಿಯನ್ನು ಶಾಲೆ ನೋಡಬಹುದು, ಆದರೆ ಶಾಲೆಯೇ ಮಾಡಬೇಕಾದ ಪರೀಕ್ಷೆಯ ಬದಲಿಗೆ ಅದು ನಡೆಯುವುದಿಲ್ಲ. ಅಷ್ಟು ದುಡ್ಡು ಖರ್ಚು ಮಾಡಿ ಮಗುವನ್ನು ಇನ್ನೊಬ್ಬ ಅಪರಿಚಿತರ ಮುಂದೆ ಕೂರಿಸುವುದು ಈಗ ಬೇಕಿಲ್ಲ.

"ಸೃಜನಶೀಲತೆಗೆ ಯಾವ ಪುಸ್ತಕದಲ್ಲಿ ಪ್ರಾಕ್ಟೀಸ್ ಮಾಡಿಸ್ಬೇಕು?" ಅಂತ ವಿದ್ಯಾ ಕೇಳಿದರು. ಇರುವ ಪುಸ್ತಕವನ್ನೂ ಮುಚ್ಚಿಡಿ ಅಂದೆ. ಪರೀಕ್ಷೆಯಲ್ಲಿ ಹೇಗೆ ಉತ್ತರ ಗುರುತು ಮಾಡಬೇಕು ಅಂತ ಶಾಲೆಯೇ ತೋರಿಸಿಕೊಡುತ್ತದೆ, ಅಷ್ಟು ಸಾಕು. ಸಂಜೆಯ ಆ ಹೊತ್ತು ಅವಳದು. ಗೀಚಲಿ, ಅಜ್ಜಿ ಹತ್ತಿರ ಕೂರಲಿ, ಏನೂ ಮಾಡದೆ ಬಿದ್ದುಕೊಂಡಿರಲಿ. ದಯವಿಟ್ಟು ರಬ್ಬರ್ ಮಾತ್ರ ಹಿಡಿಯಬೇಡಿ.

ಪತ್ರದ ಬಗ್ಗೆ ಮಗಳಿಗೆ ಹೀಗೆ ಹೇಳಲು ತಿಳಿಸಿದೆ: "ಆ ಪತ್ರ ನಿನ್ನ ಬಗ್ಗೆ ಬಂದಿದ್ದಲ್ಲ ಪುಟ್ಟಾ, ಒಂದು ದಿನದ ಒಂದು ಪರೀಕ್ಷೆ ಬಗ್ಗೆ ಬಂದಿದ್ದು. ನಾವು ಅದನ್ನ ಸರಿಯಾಗಿ ಓದಿರಲಿಲ್ಲ. ನಿಂಗೆ ಕ್ಲಾಸಲ್ಲಿ ಯಾವುದು ಬೋರು, ಯಾವುದು ಕಷ್ಟ ಅಂತ ಹೇಳು, ಟೀಚರ್ ಹತ್ರ ಮಾತಾಡ್ತೀವಿ." ಅಪ್ಪನೇ ಹೇಳಬೇಕು ಅಂದೆ, ಯಾಕೆಂದರೆ ಆರು ಅಂಕ ಕೇಳಿದ್ದು ಅಪ್ಪ. ಅವರು ಹೇಳಿದರು. ಗಣಿತದಲ್ಲಿ ಗೊತ್ತಿರೋದನ್ನೇ ಮತ್ತೆ ಮತ್ತೆ ಮಾಡಿಸ್ತಾರೆ ಅಂತ ಅನಘಾ ಅವತ್ತೇ ಬಾಯಿಬಿಟ್ಟಳು. ಕ್ಲಾಸ್ ಟೀಚರ್ ಕೇಳಿಸಿಕೊಂಡು, ಬೇಗ ಮುಗಿಸಿದ ದಿನ ಮಾಡಲು ಬೇರೆ ಲೆಕ್ಕ ಕೊಡಲು ಶುರು ಮಾಡಿದರು. ಅದಕ್ಕೆ ಯಾವ ಅರ್ಹತೆಯೂ ಬೇಕಾಗಲಿಲ್ಲ.

ಈಗ ಪೂರ್ತಿ ಪರೀಕ್ಷೆಗೆ ಸಹಿ ಹಾಕಿ ಕಳಿಸಿದ್ದಾರೆ. ಫಲಿತಾಂಶ ಬಂದಿಲ್ಲ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಆದರೆ ಸೋಮವಾರದ ಅಳು ನಿಂತಿದೆ. ಈ ನಡುವೆ ಪ್ರಶಾಂತರಿಗೆ ಟೆಕ್ಸಾಸ್‌ನಲ್ಲಿ ಕೆಲಸ ಸಿಗುವ ಮಾತು ನಡೆಯುತ್ತಿದೆ. ಜಾರ್ಜಿಯಾದಲ್ಲಿ ಸಿಕ್ಕ ಅರ್ಹತೆ ಆ ರಾಜ್ಯದೊಳಗೆ ಊರು ಬದಲಿಸಿದರೂ ನಡೆಯುತ್ತದೆ, ಬೇರೆ ರಾಜ್ಯದಲ್ಲಿ ನಡೆಯಬೇಕೆಂದಿಲ್ಲ. ಟೆಕ್ಸಾಸ್‌ನಲ್ಲಿ ಒಂದೊಂದು ಶಾಲಾ ಜಿಲ್ಲೆಯೂ ತನ್ನದೇ ಅಳತೆ ಇಟ್ಟುಕೊಂಡಿದೆ. ಹಾಗಾಗಿ ಫಲಿತಾಂಶ ಏನೇ ಬರಲಿ, ಎಲ್ಲ ಸ್ಕೋರ್ ರಿಪೋರ್ಟ್‌ಗಳ ಪ್ರತಿ ತೆಗೆದಿಟ್ಟುಕೊಳ್ಳಿ, ಹೊಸ ಶಾಲೆಯ ಫಾರಂನಲ್ಲಿ ಮನೆಮಾತು ಕನ್ನಡ ಅಂತಲೇ ಬರೆಯಿರಿ ಎಂದಿದ್ದೇನೆ.